ಮೌನ ತಾಳಿದ ಗಣಕಯಂತ್ರ

ಗಣಕಯಂತ್ರವೊಂದು ಮೌನ ತಾಳಿ ಕುಳಿತರೆ "ಫಾರ್ಮ್ಯಾಟ್ ಮಾಡಿಸಿಬಿಡಿ" ಎಂಬ ಸಲಹೆ ಇಂದು ಪೇಟೆಯಲ್ಲಿಯೂ ಹಳ್ಳಿಯಲ್ಲಿಯೂ ಸುಲಭವಾಗಿ ದೊರೆಯುತ್ತದೆ. ಫಾರ್ಮ್ಯಾಟ್ ಮಾಡುವುದೆಂದರೆ ಡಿಸ್ಕಿನ ಮೇಲಿರುವ ಬರಹದ ಲೆಕ್ಕವನ್ನೆಲ್ಲ ಅಳಿಸಿ, ಪಾಟಿಯನ್ನು ಒರೆಸಿದಂತೆ ಒರೆಸಿ, ಹೊಸದಾಗಿ ಬರೆಯಲು ಅಣಿಗೊಳಿಸುವುದು. ಇಲಿಯ ಮೇಲಿನ ಸಿಟ್ಟಿಗೆ ಮನೆಗೆ ಬೆಂಕಿ ಹಚ್ಚಿದರೆಂಬ ಗಾದೆ ಇಂಥ ಸಲಹೆಗೆ ಚೆನ್ನಾಗಿ ಒಪ್ಪುತ್ತದೆ. ಎಷ್ಟೋ ಸಂದರ್ಭಗಳಲ್ಲಿ ಡಿಸ್ಕು ನೆಟ್ಟಗೇ ಇರುತ್ತದೆ. ಅದರೊಡನೆ ಮಾತನಾಡುವ ರೀತಿಯನ್ನು ಯಾರೋ ಬದಲಿಸಿರುತ್ತಾರೆ, ಅಷ್ಟೆ. 2024ರ ಬಸವ ಜಯಂತಿಯ ಮರುವಾರ ಗದಗ ಜಿಲ್ಲೆಯ ಸೂಡಿಯ ಶರಣ ಮನೆತನವೊಂದರಲ್ಲಿ ನಡೆದುದನ್ನು ಇಲ್ಲಿ ನಿವೇದಿಸಿದರೆ ಕೆಲವು ಮನೆಗಳಿಗಾದರೂ ಉಪಕಾರವಾದೀತೆಂದು ಭಾವಿಸಿದ್ದೇವೆ.

ಸೂಡಿಯು ಬರಹಕ್ಕೆ ಹೊಸದಾದ ಊರೇನಲ್ಲ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಕಿಸುಕಾಡು ಎಪ್ಪತ್ತನ್ನು ಆಳಿದ ಅಕ್ಕಾದೇವಿಯ ಹೆಸರನ್ನು ಇಲ್ಲಿಯ ಕಲ್ಲುಗಳು ಇಂದಿಗೂ ಹೇಳುತ್ತವೆ. ಜೋಡು ಕಳಸದ ಗುಡಿಯನ್ನೂ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುವ ನಾಗಕುಂಡವನ್ನೂ ನೋಡಲು ದೂರದೂರದಿಂದ ಜನ ಬರುತ್ತಾರೆ. ಆ ಊರಿನ ನಿವೃತ್ತ ಶಿಕ್ಷಕರೊಬ್ಬರು ತಮ್ಮ ನಿವೃತ್ತಿಯ ನಂತರದ ಸುಮಾರು ಹತ್ತು ವರ್ಷಗಳನ್ನು ಒಂದೇ ಕಾಯಕಕ್ಕೆ ಮೀಸಲಿಟ್ಟಿದ್ದರು. ಸುತ್ತಲಿನ ಹಳ್ಳಿಗಳಲ್ಲಿ ವೃದ್ಧರು ಏಕತಾರಿ ಹಿಡಿದು ಹಾಡುತ್ತಿದ್ದ ತತ್ತ್ವಪದಗಳನ್ನೂ, ಶಿವಭಜನೆಯ ಹಾಡುಗಳನ್ನೂ, ಬೀಸುವಾಗ ಕುಟ್ಟುವಾಗ ತಾಯಂದಿರು ಹೇಳುತ್ತಿದ್ದ ಶರಣರ ಕಥನಗೀತೆಗಳನ್ನೂ ಕೇಳಿ ಕೇಳಿ ಬರೆದುಕೊಂಡು, ರಾತ್ರಿ ಮನೆಗೆ ಬಂದು ಗಣಕಯಂತ್ರದಲ್ಲಿ ನುಡಿ ತಂತ್ರಾಂಶದ ಮೂಲಕ ಒಂದೊಂದಾಗಿ ಕೂಡಿಸುತ್ತಿದ್ದರು. ಅವರು ಲಿಂಗೈಕ್ಯರಾಗಿ ಮೂರು ವರ್ಷಗಳಾದವು. ಅವರಿಗೆ ಹಾಡಿ ಹೇಳಿದವರಲ್ಲಿಯೂ ಬಹುಮಂದಿ ಇಂದು ಉಳಿದಿಲ್ಲ. ಬರೆದುಕೊಂಡ ವಹಿಗಳು ಒಂದು ಮಳೆಗಾಲದಲ್ಲಿ ಮಾಳಿಗೆ ಸೋರಿ ಹಾಳಾಗಿದ್ದವು. ಹಾಗಾಗಿ ಆ ಹಾಡುಗಳಿಗೆ ಉಳಿದಿದ್ದ ನೆಲೆ ಆ ಯಂತ್ರವೊಂದೇ.

ಆ ಮನೆಯ ಮೊಮ್ಮಗನೊಬ್ಬ ಗದಗಿನಲ್ಲಿ ಓದುತ್ತಾನೆ. ರಜೆಗೆಂದು ಬಂದವನು ಅಜ್ಜನ ಯಂತ್ರವು ತುಂಬ ನಿಧಾನವೆಂದು ಬೇಸರಪಟ್ಟು, ಬಯೋಸ್ ಎಂಬ ಮೂಲ ವ್ಯವಸ್ಥೆಯೊಳಗೆ ಹೋಗಿ ಡಿಸ್ಕಿನ ಬಗೆಯನ್ನು ಐಡಿಇ ಎಂಬುದರಿಂದ ಎಎಚ್‌ಸಿಐ ಎಂಬುದಕ್ಕೆ ತಿರುಗಿಸಿದನು. ಹಾಗೆ ಮಾಡಿದರೆ ವೇಗ ಹೆಚ್ಚುವುದೆಂದು ಅವನು ಎಲ್ಲಿಯೋ ಓದಿದ್ದನು. ಎಫ್ 10 ಒತ್ತಿ ಉಳಿಸಿ ಹೊರಬಂದರೆ, ವಿಂಡೋಸಿನ ಗುರುತು ಕ್ಷಣಕಾಲ ಮೂಡಿ, ನೀಲಿಯ ಪರದೆಯೊಂದು ಮಿಂಚಿ ಮಾಯವಾಗಿ, ಯಂತ್ರವು ತಾನಾಗಿಯೇ ಮತ್ತೆ ಮೊದಲಿನಿಂದ ಏಳತೊಡಗಿತು. ಹೀಗೆ ಏಳುವುದು ಬೀಳುವುದು, ಏಳುವುದು ಬೀಳುವುದು. ಹುಡುಗನು ಹೆದರಿ ಸುಮ್ಮನಾದನು. ಮನೆಯವರು ಯಂತ್ರವನ್ನು ಹೊತ್ತು ಹತ್ತಿರದ ಪೇಟೆಯ ಅಂಗಡಿಯೊಂದಕ್ಕೆ ಒಯ್ದರು. ಎಂಟು ದಿನ ಅಲ್ಲಿಯೇ ಇದ್ದ ಮೇಲೆ ಬಂದ ತೀರ್ಪು, "ಡಿಸ್ಕ್ ಹೋಗ್ಯಾವ, ಫಾರ್ಮ್ಯಾಟ್ ಮಾಡಿ ಹೊಸಾದು ಹಾಕಬೇಕು."

ಶಿಕ್ಷಕರ ಪತ್ನಿ, ಎಪ್ಪತ್ತು ದಾಟಿದ ಆ ತಾಯಿ, ಅದಕ್ಕೆ ಸುತರಾಂ ಒಪ್ಪಲಿಲ್ಲ. ಯಂತ್ರವನ್ನು ಹಾಗೆಯೇ ಮರಳಿ ತರಿಸಿ, ನಮಗೆ ಹೇಳಿ ಕಳಿಸಿದರು. ಆ ಸಂಗ್ರಹದ ಕೆಲವು ಪದಗಳನ್ನು ಹಿಂದೆ ನಾವು ತಿದ್ದಿಕೊಟ್ಟಿದ್ದೆವೆಂಬುದು ಅವರ ನೆನಪಿನಲ್ಲಿತ್ತು. "ಅಜ್ಜಾರ, ಹೊಸಾ ಮಷೀನ್ ನಮಗ ಬ್ಯಾಡ್ರಿ. ಅದರಾಗಿಂದು ಅವರ ಬರವಣಿಗಿ ಒಂದು ಕೈಗೆ ಬಂದ್ರ ಸಾಕು" ಎಂದರು.

ಮಠದಲ್ಲಿ ಓದಿದ ನಮಗೂ ಈ ಯಂತ್ರಕ್ಕೂ ಏನು ನಂಟೆಂದು ಕೆಲವರು ಕೇಳಬಹುದು. 1990ರ ದಶಕದಲ್ಲಿ ಮಠದ ಪ್ರಕಟಣೆಗಳಿಗಾಗಿ ಅಕ್ಷರಜೋಡಣೆಯನ್ನು ಕಲಿಯುವ ಪ್ರಸಂಗ ನಮಗೆ ಒದಗಿತ್ತು. ಅಂದಿನ ಯಂತ್ರಗಳಿಗೆ ಡಿಸ್ಕು ಯಾವುದೆಂಬುದನ್ನು ನಾವೇ ಹೇಳಿಕೊಡಬೇಕಾಗಿತ್ತು. ಸಿಲಿಂಡರು ಎಷ್ಟು, ಹೆಡ್ಡು ಎಷ್ಟು, ಸೆಕ್ಟರು ಎಷ್ಟು ಎಂಬ ಅಂಕಿಗಳನ್ನು ಡಿಸ್ಕಿನ ಮೇಲಿನ ಚೀಟಿಯಿಂದ ಓದಿ, 47ನೆಯ ಬಗೆ ಎಂಬ ಸಾಲಿನಲ್ಲಿ ಕೈಯಾರೆ ತುಂಬಬೇಕಾಗಿತ್ತು. ಒಂದು ಅಂಕಿ ತಪ್ಪಿದರೂ ಯಂತ್ರವು ಏಳುತ್ತಿರಲಿಲ್ಲ. ಆ ಅಂಕಿಗಳನ್ನು ನಾವು ಪಂಚಾಂಗದ ರಟ್ಟಿನ ಒಳಬದಿಯಲ್ಲಿ ಬರೆದಿಟ್ಟುಕೊಂಡಿದ್ದೆವು. ಇಂದಿನ ಯಂತ್ರಗಳು ಡಿಸ್ಕನ್ನು ತಾವೇ ಗುರುತಿಸುತ್ತವೆಯಾದ್ದರಿಂದ ಈಗಿನ ತರುಣರಿಗೆ ಆ ಶಿಕ್ಷೆಯಿಲ್ಲ. ಆದರೆ ಆ ಶಿಕ್ಷೆಯಿಂದ ಬರುತ್ತಿದ್ದ ತಿಳಿವಳಿಕೆಯೂ ಇಲ್ಲ.

ಹೋದೊಡನೆ ನಾವು ಯಂತ್ರವನ್ನು ಮುಟ್ಟಲಿಲ್ಲ. ಮನೆಯವರನ್ನೆಲ್ಲ ಕೂರಿಸಿಕೊಂಡು, ಕೊನೆಯ ಸಲ ಸರಿಯಾಗಿ ನಡೆದದ್ದು ಯಾವಾಗ, ಅದಾದ ಮೇಲೆ ಏನು ಮಾಡಿದಿರಿ ಎಂದು ಕೇಳಿದೆವು. ವೈದ್ಯನು ನಾಡಿ ಹಿಡಿಯುವ ಮೊದಲು ಊಟವೇನೆಂದು ಕೇಳುವುದಿಲ್ಲವೆ? ಒಬ್ಬರು ಸಿಡಿಲೆಂದರು, ಒಬ್ಬರು ವೈರಸ್ ಎಂದರು. ಹುಡುಗನು ಬಾಗಿಲ ಮರೆಯಲ್ಲಿ ನಿಂತಿದ್ದನು. ಚಹಾ ತಂದುಕೊಟ್ಟವನು ಬಟ್ಟಲು ಇಟ್ಟು, ದನಿ ತಗ್ಗಿಸಿ, "ಅಜ್ಜಾರ, ಅದು ನಾನ ಮಾಡೇನ್ರಿ. ಬಯೋಸ್‌ನ್ಯಾಗ ಡಿಸ್ಕ್ ಸೆಟ್ಟಿಂಗ್ ಚೇಂಜ್ ಮಾಡಿದ್ದೆ" ಎಂದನು. ಅವನ ಕಾಕಾ ಎದ್ದು ನಿಂತರು. ನಾವು ಅವರನ್ನು ಕುಳ್ಳಿರಿಸಿ, "ತಮ್ಮಾ, ಮೊದಲು ಏನಿತ್ತು ನೆನಪೈತೇನು?" ಎಂದೆವು. ನೆನಪಿತ್ತು. ಆ ಒಂದು ಮಾತಿನಿಂದ ಅರ್ಧ ಕೆಲಸ ಮುಗಿದಂತಾಯಿತು. ಅಂಗಡಿಯವರಿಗೂ ಇದೇ ಮಾತು ಮೊದಲ ದಿನವೇ ತಿಳಿದಿದ್ದರೆ ಎಂಟು ದಿನ ಉಳಿಯುತ್ತಿದ್ದವು. ಅವರು ಕೇಳಲಿಲ್ಲ, ಇವನು ಹೇಳಲಿಲ್ಲ.

ಇಲ್ಲಿ ಓದುಗ ಬಂಧುಗಳಿಗೆ ಈ ತೊಡಕಿನ ಸ್ವರೂಪವನ್ನು ಸ್ವಲ್ಪ ಬಿಡಿಸಿ ಹೇಳುವುದು ಅವಶ್ಯ. ಯಂತ್ರದ ಮುಖ್ಯ ಫಲಕಕ್ಕೂ ಡಿಸ್ಕಿಗೂ ನಡುವೆ ಒಬ್ಬ ದ್ವಾರಪಾಲಕನಿದ್ದಾನೆನ್ನಿರಿ. ಅವನಿಗೆ ಎರಡು ಭಾಷೆಗಳು ಬರುತ್ತವೆ. ಐಡಿಇ ಎಂಬುದು ಹಳೆಯ ಭಾಷೆ. ಎಎಚ್‌ಸಿಐ ಎಂಬುದು 2004ರಲ್ಲಿ ರೂಪುಗೊಂಡ ಹೊಸ ಭಾಷೆ. ಅದರಲ್ಲಿ ಡಿಸ್ಕಿಗೆ ಒಂದರ ಹಿಂದೆ ಒಂದರಂತೆ 32 ಆಜ್ಞೆಗಳನ್ನು ಸಾಲಾಗಿ ಕೊಟ್ಟು, ಅನುಕೂಲವಾದ ಕ್ರಮದಲ್ಲಿ ಅವನ್ನು ಪೂರೈಸಿಕೊಳ್ಳಲು ಬರುತ್ತದೆ. ಯಾವ ಭಾಷೆ ಆಡಬೇಕೆಂಬುದು ಬಯೋಸಿನ ಅಪ್ಪಣೆ. ಇತ್ತ ವಿಂಡೋಸು ತನ್ನನ್ನು ಸ್ಥಾಪಿಸಿದ ದಿನ ದ್ವಾರಪಾಲಕನು ಯಾವ ಭಾಷೆಯಾಡುತ್ತಿದ್ದನೋ ಅದರ ದುಭಾಷಿಯನ್ನು ಮಾತ್ರ ಬೆಳಗ್ಗೆ ಏಳುವಾಗ ಜೊತೆಗಿಟ್ಟುಕೊಳ್ಳುತ್ತದೆ; ಇನ್ನೊಬ್ಬ ದುಭಾಷಿಯನ್ನು ಒಳಮನೆಯಲ್ಲಿ ಮಲಗಿಸಿರುತ್ತದೆ. ನಾವು ಭಾಷೆಯನ್ನು ಬದಲಿಸಿದರೆ ಮಲಗಿದವನನ್ನು ಎಬ್ಬಿಸಬೇಕು. ಎಬ್ಬಿಸಬೇಕಾದರೆ ಒಳಗೆ ಹೋಗಬೇಕು. ಒಳಗೆ ಹೋಗಲು ಅವನೇ ಬೇಕು. ಕೀಲಿಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದಂತಾಗಿ ವಿಂಡೋಸು ಕೈಚೆಲ್ಲುತ್ತದೆ. ನೀಲಿಯ ಪರದೆಯ ಮೇಲೆ ಅನೇಕ ಸೊನ್ನೆಗಳ ಕೊನೆಗೆ 7ಬಿ ಎಂಬ ಗುರುತು ಕಂಡರೆ ಅದು ಹೇಳುತ್ತಿರುವುದು, ಏಳಬೇಕಾದ ಡಿಸ್ಕನ್ನು ತಲುಪಲಾಗುತ್ತಿಲ್ಲವೆಂದು. ಒಳಗಿನ ಬರಹಕ್ಕೆ ಹಾನಿಯಾಯಿತೆಂದು ಅದು ಹೇಳುವುದಿಲ್ಲ.

ಓಲೆಗರಿಯ ಕಟ್ಟುಗಳನ್ನು ಬಿಚ್ಚಿದವರಿಗೆ ಇದು ಬಲ್ಲ ಸಂಗತಿಯೇ. ಓದಲು ಬಾರದ ಲಿಪಿಯೆಂದೊಡನೆ ಗರಿಯು ಹಾಳಾಗಿದೆಯೆಂದು ತಿಳಿದು ಹೊಳೆಗೆ ಬಿಟ್ಟವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ಫ.ಗು. ಹಳಕಟ್ಟಿಯವರು ಊರೂರು ಅಲೆದು, ಜಗುಲಿಯ ಮೇಲೆ ಪೂಜೆಗೊಳ್ಳುತ್ತ ಯಾರೂ ಓದದೆ ಉಳಿದಿದ್ದ ಕಟ್ಟುಗಳನ್ನು ಬೇಡಿ ತಂದು, 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದರು. ಇದ್ದ ಮನೆಯನ್ನು ಮಾರಿ ವಿಜಯಪುರದಲ್ಲಿ ಮುದ್ರಣಾಲಯ ಹೂಡಿದರು. ಅವರು ಹೋಗುವುದು ತಡವಾದ ಮನೆಗಳಲ್ಲಿ ಏನೇನು ಹೋಯಿತೆಂಬುದು ಆ ಶಿವನಿಗೇ ಗೊತ್ತು.

ಯಂತ್ರವನ್ನು ಹಚ್ಚಿ, ಮೊದಲ ಅಕ್ಷರಗಳು ಮೂಡುತ್ತಿರುವಾಗಲೇ ಡಿಲೀಟ್ ಕೀಲಿಯನ್ನು ಒತ್ತುತ್ತ ಹೋದರೆ ಬಯೋಸ್ ತೆರೆಯಿತು. (ಕೆಲವು ಯಂತ್ರಗಳಲ್ಲಿ ಇದು ಎಫ್ 2, ಕೆಲವರಲ್ಲಿ ಎಫ್ 10.) ಸಾಟಾ ಎಂಬ ಸಾಲಿನಲ್ಲಿ ಎಎಚ್‌ಸಿಐ ಎಂದಿತ್ತು. ಹುಡುಗನ ಕೈಯಿಂದಲೇ ಅದನ್ನು ಐಡಿಇಗೆ ಮರಳಿಸಿ, ಉಳಿಸಿ ಹೊರಬರಲು ಹೇಳಿದೆವು. ವಿಂಡೋಸಿನ ಗುರುತು ಮೂಡಿತು, ನಿಂತಿತು, ಎಲ್ಲರೂ ಉಸಿರು ಬಿಗಿಹಿಡಿದರು. ಬಳಿಕ ಶಿಕ್ಷಕರು ತೆರೆಗೆ ಇಟ್ಟಿದ್ದ ನಾಗಕುಂಡದ ಚಿತ್ರ ಕಾಣಿಸಿತು. ಆ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು.

ಯಂತ್ರ ಎದ್ದಿತೆಂದು ಹಿಗ್ಗಿ ಬೇರೆ ಕೆಲಸಕ್ಕೆ ಕೈಹಾಕಲು ನಾವು ಬಿಡಲಿಲ್ಲ. ಎದ್ದ ಯಂತ್ರದಲ್ಲಿ ಮಾಡತಕ್ಕ ಮೊದಲ ಕೆಲಸವೆಂದರೆ ಬರಹವನ್ನು ನಕಲು ಮಾಡಿಕೊಳ್ಳುವುದು. ಹುಡುಗನ ಬಳಿ ಇದ್ದ ಪೆನ್ ಡ್ರೈವಿಗೆ ಅಂದು ಸಂಜೆ ಅರ್ಧದಷ್ಟನ್ನು ತುಂಬಿದೆವು. ಅಷ್ಟರಲ್ಲಿ ಕರೆಂಟು ಹೋಯಿತು. ನಾಳೆ ಮುಗಿಸೋಣವೆಂದು ಪ್ಲಗ್ಗನ್ನು ಕಿತ್ತಿಟ್ಟು ಪ್ರಸಾದಕ್ಕೆ ಎದ್ದೆವು.

ಮರುದಿನ ಬೆಳಗ್ಗೆ ನಾವು ಪೂಜೆ ಮುಗಿಸಿ ಹೋಗುವಷ್ಟರಲ್ಲಿ ಆ ಮನೆಯಲ್ಲಿ ರಂಪವೆದ್ದಿತ್ತು. ಯಂತ್ರವು ಮತ್ತೆ ಅದೇ ನೀಲಿಯ ಪರದೆ ತೋರಿಸಿ ಸುತ್ತುತ್ತಿತ್ತು. ಕಾಕಾ ಹುಡುಗನ ರಟ್ಟೆ ಹಿಡಿದಿದ್ದರು. "ರಾತ್ರಿ ಮತ್ತ ಕೈ ಹಾಕ್ಯಾನ್ರಿ ಇವ" ಎಂಬುದು ಅವರ ಆರೋಪ. "ಇಲ್ರೀ ಅಜ್ಜಾರ, ಲಿಂಗದಾಣೆ ಮುಟ್ಟಿಲ್ಲ" ಎಂದು ಹುಡುಗ ಅಳುತ್ತಿದ್ದನು. ಹಿಂದಿನ ದಿನ ತಾನಾಗಿಯೇ ಒಪ್ಪಿಕೊಂಡವನ ಮಾತನ್ನು ಇಂದು ಯಾರೂ ನಂಬುವಂತಿರಲಿಲ್ಲ. ನಿಜ ಹೇಳಿದವನಿಗೆ ಇದು ದೊಡ್ಡ ಅನ್ಯಾಯವಾದೀತು. ಅಳಿದುಳಿದ ಹಾಡುಗಳಿಗಿಂತಲೂ ಆ ಕ್ಷಣದಲ್ಲಿ ನಮಗೆ ಮುಖ್ಯವಾಗಿ ತೋರಿದ್ದು ಆ ಮಾತು ನಿಜವೋ ಅಲ್ಲವೋ ಎಂಬುದು.

ಬಯೋಸನ್ನು ತೆರೆದು ಮೊದಲು ಡಿಸ್ಕಿನ ಸಾಲನ್ನು ನೋಡದೆ ತೇದಿಯನ್ನು ನೋಡಿದೆವು. ಅದು 2010ರ ಜನವರಿ 1 ಎಂದು ತೋರಿಸುತ್ತಿತ್ತು. ಹುಡುಗನು ನಿರ್ದೋಷಿಯೆಂಬುದಕ್ಕೆ ಅದೇ ಸಾಕ್ಷಿ.

ಫಲಕದ ಮೇಲೆ ರೂಪಾಯಿಯ ನಾಣ್ಯದಂಥ ಪುಟ್ಟ ಬ್ಯಾಟರಿಯೊಂದು ಇರುತ್ತದೆ. ಸಿ.ಆರ್. 2032 ಎಂದು ಅದರ ಹೆಸರು. ಅಗಲ 20 ಮಿಲಿಮೀಟರು, ದಪ್ಪ 3.2 ಮಿಲಿಮೀಟರು, ಶಕ್ತಿ 3 ವೋಲ್ಟು. ಯಂತ್ರಕ್ಕೆ ಕರೆಂಟು ಇಲ್ಲದಾಗ ಗಡಿಯಾರವನ್ನೂ ಬಯೋಸಿನ ಆಯ್ಕೆಗಳನ್ನೂ ಕಾಯುವುದು ಅದರ ಕಾಯಕ. ಪ್ಲಗ್ಗು ಗೋಡೆಯಲ್ಲಿದ್ದಷ್ಟು ಹೊತ್ತು, ಯಂತ್ರವನ್ನು ಆರಿಸಿದ್ದರೂ, ಸ್ವಲ್ಪ ಕರೆಂಟು ಒಳಗೆ ಬರುತ್ತಿರುವುದರಿಂದ ಬ್ಯಾಟರಿಗೆ ಹೊರೆಯಿರುವುದಿಲ್ಲ. 2011ರಲ್ಲಿ ಕೊಂಡ ಯಂತ್ರವದು, ಬ್ಯಾಟರಿ ಅಂದಿನದೇ. ಎಂಟು ದಿನ ಅಂಗಡಿಯ ಮೂಲೆಯಲ್ಲಿ ಪ್ಲಗ್ಗಿಲ್ಲದೆ ಕುಳಿತಾಗ ಅದರ ಉಳಿದ ಜೀವವೂ ಸೋರಿತ್ತು. ಆ ರಾತ್ರಿ ನಾವು ಪ್ಲಗ್ಗು ಕಿತ್ತೊಡನೆ ಬಯೋಸು ತನ್ನ ನೆನಪನ್ನೆಲ್ಲ ಕಳೆದುಕೊಂಡು, ಕಾರ್ಖಾನೆಯಿಂದ ಬಂದ ದಿನದ ಸ್ಥಿತಿಗೆ ಮರಳಿತ್ತು. ಆ ಫಲಕದ ಹುಟ್ಟುಗುಣ ಎಎಚ್‌ಸಿಐ ಆಗಿತ್ತು. ಜೋಡಿಸಿಕೊಟ್ಟವರು ಅದನ್ನು ಐಡಿಇಗೆ ತಿರುಗಿಸಿ ವಿಂಡೋಸ್ ಹಾಕಿದ್ದರು. ಕೈಯಿಂದ ಡಿಸ್ಕಿನ ಬಗೆಯನ್ನು ಬದಲಿಸಿದವನು ಗಡಿಯಾರವನ್ನು ಹಿಂದಕ್ಕೆ ಒಯ್ಯುವುದಿಲ್ಲ. ಎರಡೂ ಒಟ್ಟಿಗೆ ಬದಲಾಗಿದ್ದರೆ ಅಪರಾಧಿ ಬ್ಯಾಟರಿಯೇ.

ತೇದಿಯಿಂದ ನಿಜ ಸುಳ್ಳನ್ನು ಅಳೆಯುವುದು ಸೂಡಿಗೆ ಹೊಸತಲ್ಲವೆಂದು ಅಲ್ಲಿದ್ದವರಿಗೆ ಹೇಳಿದೆವು. ಗಂಗದೊರೆ ಬೂತುಗನ ಹೆಸರಿನಲ್ಲಿ ಶಕವರ್ಷ 860, ಎಂದರೆ ಕ್ರಿ.ಶ. 938ರ ತೇದಿ ಹೊತ್ತ ತಾಮ್ರಪಟವೊಂದು ಈ ಊರಿನಲ್ಲಿ ದೊರೆತಿದೆ. ಅದನ್ನು ಎಪಿಗ್ರಾಫಿಯಾ ಇಂಡಿಕಾದಲ್ಲಿ ಪ್ರಕಟಿಸಿದ ಫ್ಲೀಟರು, ಇದು ಆ ಕಾಲದ್ದಲ್ಲ, ಕೂಟಶಾಸನವೆಂದು ತೀರ್ಮಾನಿಸಿದರು. ಪಟವು ತಾನು ಹೇಳುವ ಕಾಲದ್ದಲ್ಲವಾದರೆ ಅದನ್ನು ಹೇಗೆ ಹಿಡಿಯಬೇಕೆಂಬ ವಿದ್ಯೆ ಪಂಡಿತರದು. ನಮ್ಮ ಮುಂದಿದ್ದ ಪಟವು 2010ರದಲ್ಲವೆಂದು ಹಿಡಿಯಲು ಪಾಂಡಿತ್ಯವೇ ಬೇಕಿರಲಿಲ್ಲ. ಕಾಕಾ ಹುಡುಗನ ರಟ್ಟೆ ಬಿಟ್ಟರು. ಬಾಯಿಂದ ಏನೂ ಹೇಳಲಿಲ್ಲ. ಬ್ಯಾಟರಿ ತರಲು ತಾವೇ ಗಾಡಿ ಹತ್ತಿ ಹೊರಟರು.

ಅವರು ಬರುವಷ್ಟರಲ್ಲಿ ಐಡಿಇಗೆ ಮರಳಿಸಿ, ಉಳಿದ ಅರ್ಧವನ್ನೂ ನಕಲು ಮಾಡಿ ಮುಗಿಸಿದೆವು. ಬ್ಯಾಟರಿ ಬದಲಿಸಿ ತೇದಿಯನ್ನು ಸರಿಪಡಿಸಿದ ಮೇಲೆ ಹುಡುಗನು ಸಂಕೋಚದಿಂದಲೇ ಒಂದು ಪ್ರಶ್ನೆ ಕೇಳಿದನು: "ಹಂಗಾದ್ರ ಎಎಚ್‌ಸಿಐ ಮಾಡೂದು ತಪ್ಪೇನ್ರಿ?" ತಪ್ಪಲ್ಲ. ಕ್ರಮ ತಪ್ಪಿತ್ತು. ಭಾಷೆ ಬದಲಿಸುವ ಮುನ್ನ ದುಭಾಷಿಯನ್ನು ಎಬ್ಬಿಸಿಡಬೇಕು. ವಿಂಡೋಸ್ 7ರಲ್ಲಿ ರಿಜಿಸ್ಟ್ರಿ ಎಂಬ ದಫ್ತರದ ಸೇವೆಗಳ ಪಟ್ಟಿಯಲ್ಲಿ ಎಂಎಸ್ಎಎಚ್‌ಸಿಐ ಎಂಬ ಹೆಸರಿನ ಎದುರು ಸ್ಟಾರ್ಟ್ ಎಂಬಲ್ಲಿ 3 ಎಂದಿರುತ್ತದೆ. ಅದನ್ನು 0 ಮಾಡಿದರೆ ಅವನು ಏಳುವ ಹೊತ್ತಿಗೇ ಎಚ್ಚರವಿರುತ್ತಾನೆ. ಆಮೇಲೆ ಬಯೋಸಿನಲ್ಲಿ ಬದಲಿಸಿದರೆ ತೊಂದರೆಯಿಲ್ಲ. ವಿಂಡೋಸ್ 10 ಮತ್ತು 11ರಲ್ಲಿ ದಾರಿ ಇನ್ನೂ ಸರಳ. ಎಂಎಸ್‌ಕಾನ್ಫಿಗ್ ತೆರೆದು, ಬೂಟ್ ಎಂಬಲ್ಲಿ ಸೇಫ್ ಬೂಟ್ ಗುರುತು ಹಾಕಿ, ಮರಳಿ ಹಚ್ಚುವಾಗ ಬಯೋಸಿಗೆ ಹೋಗಿ ಬದಲಿಸಬೇಕು. ಸೇಫ್ ಮೋಡಿನಲ್ಲಿ ಏಳುವ ವಿಂಡೋಸು ಸರಿಯಾದ ದುಭಾಷಿಯನ್ನು ತಾನೇ ಹುಡುಕಿಕೊಳ್ಳುತ್ತದೆ. ಬಳಿಕ ಆ ಗುರುತನ್ನು ತೆಗೆದು ಮತ್ತೊಮ್ಮೆ ಹಚ್ಚಿದರಾಯಿತು.

ತಿರುಗುವ ತಟ್ಟೆಯ ಹಳೆಯ ಡಿಸ್ಕಿನಲ್ಲಿ ಬೆರಳಚ್ಚು ಮಾಡುವ ಮನೆಗೆ ಇದರಿಂದ ಹೇಳಿಕೊಳ್ಳುವಂಥ ಲಾಭವಿಲ್ಲವೆಂಬುದು ನಮ್ಮ ಅಭಿಪ್ರಾಯ. ಆದರೂ ಆ ಯಂತ್ರದಲ್ಲಿ ಮಾಡಿಸಿದೆವು. ಮುಂದೊಂದು ದಿನ ಈ ಹೊಸ ಬ್ಯಾಟರಿಯೂ ಸತ್ತು ಬಯೋಸು ಹುಟ್ಟುಗುಣಕ್ಕೆ ಮರಳಿದರೆ, ಆಗಲೂ ಯಂತ್ರವು ಏಳಬೇಕಲ್ಲ. ರಿಜಿಸ್ಟ್ರಿಯ ಅಂಕಿಯನ್ನು ತಿದ್ದಿದವನು ಆ ಹುಡುಗನೇ. ಅಜ್ಜಿಯು ಹಿಂದೆ ನಿಂತು, "ಮಾಡು, ಅಜ್ಜಾರ ಅದಾರಲ್ಲ" ಎಂದರು.

ಹೊಸ ಲ್ಯಾಪ್‌ಟಾಪುಗಳ ವಿಷಯದಲ್ಲಿ ಒಂದೆರಡು ಮಾತು ಹೆಚ್ಚಿಗೆ ಹೇಳಬೇಕು. ಇವುಗಳಲ್ಲಿ ಬಿಟ್‌ಲಾಕರ್ ಎಂಬ ಬೀಗವು ಎಷ್ಟೋ ವೇಳೆ ಮನೆಯವರಿಗೆ ತಿಳಿಯದೆಯೇ ಬಿದ್ದಿರುತ್ತದೆ. ಬಯೋಸಿನ ಆಯ್ಕೆಯನ್ನು ಬದಲಿಸಿದೊಡನೆ ಅದು ಅನುಮಾನಪಟ್ಟು 48 ಅಂಕಿಗಳ ಕೀಲಿಯನ್ನು ಕೇಳಬಹುದು. ಆ ಕೀಲಿ ಇಲ್ಲದವನಿಗೆ ಡಿಸ್ಕು ನೆಟ್ಟಗಿದ್ದೂ ಬರಹ ದಕ್ಕದು. ಸಾಮಾನ್ಯವಾಗಿ ಅದು ಯಂತ್ರದ ಒಡೆಯರ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಮೊದಲೇ ಅದನ್ನು ತೆಗೆದು ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಮತ್ತೆ, ನೀಲಿಯ ಪರದೆ ಬಾರದೆ ಕಪ್ಪು ತೆರೆಯ ಮೇಲೆ ಏಳಲು ಡಿಸ್ಕೇ ಕಾಣುತ್ತಿಲ್ಲವೆಂಬ ಸಾಲು ಬಂದರೆ ಕಾರಣ ಬೇರೆಯಿರಬಹುದು: ಡಿಸ್ಕುಗಳ ಸರದಿ ಬದಲಾಗಿರಬಹುದು, ಲೆಗಸಿ ಮತ್ತು ಯುಇಎಫ್ಐ ಎಂಬ ಎರಡು ಪದ್ಧತಿಗಳಲ್ಲಿ ಒಂದನ್ನು ಇನ್ನೊಂದಕ್ಕೆ ತಿರುಗಿಸಿರಬಹುದು, ಇಲ್ಲವೆ ಒಳಗಿನ ತಂತಿ ಸಡಿಲಿರಬಹುದು. ಬಯೋಸಿನಲ್ಲಿ ಡಿಸ್ಕಿನ ಹೆಸರು ಕಾಣಿಸುತ್ತಿದೆಯೇ ಎಂದು ನೋಡುವುದು ಮೊದಲ ಹೆಜ್ಜೆ. ಕಾಣಿಸುತ್ತಿದ್ದರೆ ಧೈರ್ಯವಾಗಿರಬಹುದು. ಡಿಸ್ಕಿನಿಂದ ಟಕ್ ಟಕ್ ಎಂಬ ಸದ್ದು ಬರುತ್ತಿದ್ದರೆ ಮಾತ್ರ ಕೂಡಲೇ ಆರಿಸಿ, ಬಲ್ಲವರ ಬಳಿಗೆ ಒಯ್ಯಬೇಕು. ಅಂಥಲ್ಲಿ ನಮ್ಮಂಥವರ ವಿದ್ಯೆ ನಡೆಯುವುದಿಲ್ಲ.

ಇನ್ನು ಆ ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿಯೇ ತಯಾರಕರ ಆಸರೆ ನಿಂತುಹೋಗಿದೆ. ಆದುದರಿಂದ ಆ ಯಂತ್ರವನ್ನು ಇಂಟರ್‌ನೆಟ್ಟಿಗೆ ಹಚ್ಚದೆ ಬರೆಯಲು ಓದಲು ಮಾತ್ರ ಬಳಸಿರೆಂದು ಹೇಳಿ ಬಂದಿದ್ದೇವೆ. ಕೈಗೆ ಬಂದ ಕಡತಗಳು ನುಡಿಯ ಹಳೆಯ ಅಕ್ಷರ ಪದ್ಧತಿಯಲ್ಲಿವೆ. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳ ಗೊಂಡಾರಣ್ಯವಾಗಿ ಕಾಣುತ್ತವೆ. ಯೂನಿಕೋಡಿಗೆ ಪರಿವರ್ತಿಸುವ ಕಾರ್ಯವನ್ನು ಹುಡುಗನು ವಹಿಸಿಕೊಂಡಿದ್ದಾನೆ. ಒತ್ತಕ್ಷರಗಳೂ ಅರ್ಕಾವತ್ತುಗಳೂ ಅಲ್ಲಲ್ಲಿ ತಪ್ಪುವುದರಿಂದ ಪುಟ ಪುಟವನ್ನೂ ಅಜ್ಜಿಗೆ ಓದಿ ಹೇಳುತ್ತಾನೆ. ಅವರು ಹಾಡಿನ ಧಾಟಿಯಲ್ಲಿಯೇ ತಿದ್ದಿ ಹೇಳುತ್ತಾರೆ; ಗಂಡನು ಬರೆಯದೆ ಬಿಟ್ಟ ನಾಲ್ಕಾರು ನುಡಿಗಳನ್ನೂ ಅವರು ನೆನಪಿನಿಂದ ಸೇರಿಸಿದ್ದಾರೆಂದು ತಿಳಿದು ನಮಗೆ ಸೋಜಿಗವಾಯಿತು.

ನಕಲುಗಳು ಈಗ ಮೂರು ಕಡೆ ಇವೆ: ಒಂದು ಸೂಡಿಯ ಮನೆಯಲ್ಲಿ, ಒಂದು ಗದಗಿನಲ್ಲಿ ಹುಡುಗನ ಬಳಿ, ಒಂದು ನಮ್ಮಲ್ಲಿ. ಯಂತ್ರದ ಪೆಟ್ಟಿಗೆಯ ಒಳಬದಿಗೆ ಹುಡುಗನು ಒಂದು ಚೀಟಿ ಅಂಟಿಸಿದ್ದಾನೆ. ಡಿಸ್ಕಿನ ಬಗೆ ಮೊದಲು ಏನಿತ್ತು, ಈಗ ಏನಿದೆ, ಬ್ಯಾಟರಿ ಹಾಕಿದ ತಾರೀಖು ಯಾವುದು ಎಂಬುದನ್ನು ದುಂಡಗಿನ ಅಕ್ಷರದಲ್ಲಿ ಬರೆದು, ಕೆಳಗೆ ತನ್ನ ರುಜುವನ್ನೂ ಹಾಕಿದ್ದಾನೆ. ಆ ರುಜುವಿನ ಪಕ್ಕದಲ್ಲಿ ಕಾಕಾನ ರುಜುವೂ ಇದೆ.